ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಬರೆಯುವ ಮೊದಲು: ನನ್ನ ಅನುಭವ

ನಿಮಿರುವಿಕೆಯ ತೊಂದರೆ ಎಂದು ಬರುವವರಲ್ಲಿ ಎಷ್ಟೋ ಜನ ಲ್ಯಾಬ್ ರಿಪೋರ್ಟ್ ಕೈಯಲ್ಲಿ ಹಿಡಿದೇ ಬರುತ್ತಾರೆ. ನಾನು ಮೊದಲು ಹುಡುಕುವುದು ಟೆಸ್ಟೋಸ್ಟೆರಾನ್ (ಗಂಡಸಿನ ಮುಖ್ಯ ಹಾರ್ಮೋನು) ಅಂಕಿಯನ್ನಲ್ಲ, ರಕ್ತ ತೆಗೆದ ಗಂಟೆಯನ್ನು. ಮಧ್ಯಾಹ್ನದ ಊಟ ಮುಗಿಸಿ ಸಂಜೆ ಕೊಟ್ಟ ರಕ್ತದಲ್ಲಿ 260 ಎಂಬ ಕಡಿಮೆ ಅಂಕಿ ಬಂದಿದ್ದರೆ ಆ ಕಾಗದವನ್ನು ಪಕ್ಕಕ್ಕಿಡುತ್ತೇನೆ. ಈ ಹಾರ್ಮೋನು ಬೆಳಿಗ್ಗೆ ಏರಿ ಸಂಜೆಗೆ ಇಳಿಯುವಂಥದ್ದು. ಹೊಟ್ಟೆಗೆ ಸಕ್ಕರೆ ಬಿದ್ದರೂ ಸ್ವಲ್ಪ ಹೊತ್ತು ಕುಸಿಯುತ್ತದೆ. ಆದ್ದರಿಂದ ಚೀಟಿಯಲ್ಲೇ ಬರೆಯುತ್ತೇನೆ: ಬೆಳಿಗ್ಗೆ 7ರಿಂದ 10ರೊಳಗೆ, ಖಾಲಿ ಹೊಟ್ಟೆ, ಕಾಫಿಯೂ ಬೇಡ. ರಾತ್ರಿ ಪಾಳಿಯವರಿಗೆ ಈ ಗಡಿಯಾರ ನಡೆಯುವುದಿಲ್ಲ. ಅವರು ನಿದ್ದೆ ಮಾಡಿ ಎದ್ದ ಎರಡು ಮೂರು ಗಂಟೆಯೊಳಗೆ ರಕ್ತ ಕೊಡಬೇಕು. ಜ್ವರ ಬಂದಿದ್ದರೆ, ಆಪರೇಷನ್ ಆಗಿದ್ದರೆ ಪೂರ್ತಿ ಚೇತರಿಸಿಕೊಳ್ಳುವವರೆಗೆ ಪರೀಕ್ಷೆಯನ್ನು ಮುಂದೂಡುತ್ತೇನೆ. ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಮೂರು ದಿನ ಮೊದಲೇ ನಿಲ್ಲಿಸಬೇಕು. ಇಲ್ಲದಿದ್ದರೆ ಕೆಲವು ಯಂತ್ರಗಳಲ್ಲಿ ಟೆಸ್ಟೋಸ್ಟೆರಾನ್ ಇರುವುದಕ್ಕಿಂತ ಹೆಚ್ಚಾಗಿಯೂ ಎಲ್‌ಎಚ್ (ಟೆಸ್ಟೋಸ್ಟೆರಾನ್ ತಯಾರಿಸು ಎಂದು ವೃಷಣಕ್ಕೆ ಹೇಳುವ, ಮಿದುಳಿನ ತಳದ ಪಿಟ್ಯುಟರಿ ಗ್ರಂಥಿಯ ಹಾರ್ಮೋನು) ಕಡಿಮೆಯಾಗಿಯೂ ಕಾಣುತ್ತದೆ.

ಬೆಳಗಿನ ರಕ್ತದಲ್ಲೂ ಕಡಿಮೆ ಬಂತೆಂದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ. ಎರಡೂ ಸಲ ಕಡಿಮೆ ಇದ್ದರೆ ಮಾತ್ರ ಕೊರತೆಯ ಮಾತು. ಅಮೆರಿಕದ ಮೂತ್ರರೋಗ ತಜ್ಞರ ಸಂಘ ಡೆಸಿಲೀಟರಿಗೆ 300 ನ್ಯಾನೋಗ್ರಾಂ ಎಂಬ ಗೆರೆ ಎಳೆದಿದೆ. ಯುರೋಪಿನವರದು ಲೀಟರಿಗೆ 12 ನ್ಯಾನೋಮೋಲ್, ಅಂದರೆ ಸುಮಾರು 346. ಇಂಗ್ಲೆಂಡಿನಲ್ಲಿರುವವರು ಕಳಿಸುವ ರಿಪೋರ್ಟಿನಲ್ಲಿ 11 ಎಂದು ನೋಡಿ ಗಾಬರಿಯಾಗಬಾರದು, 28.8ರಿಂದ ಗುಣಿಸಿ ನೋಡಬೇಕು. ಅಂಕಿ ಗೆರೆಯ ಆಸುಪಾಸಿನಲ್ಲಿದ್ದರೆ ಎಸ್‌ಎಚ್‌ಬಿಜಿ ಮತ್ತು ಆಲ್ಬುಮಿನ್ (ರಕ್ತದಲ್ಲಿ ಈ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನುಗಳು) ಪರೀಕ್ಷೆ ಬರೆಯುತ್ತೇನೆ. ಬೊಜ್ಜು, ಸಕ್ಕರೆ ಕಾಯಿಲೆ ಇರುವವರಲ್ಲಿ ಎಸ್‌ಎಚ್‌ಬಿಜಿ ತಗ್ಗಿರುವುದರಿಂದ ಒಟ್ಟು ಟೆಸ್ಟೋಸ್ಟೆರಾನ್ ಕಡಿಮೆ ಕಂಡರೂ ಬಿಡಿಯಾಗಿ ಓಡಾಡುವ ಭಾಗ ಸರಿಯಾಗಿರಬಹುದು. ವಯಸ್ಸಾದವರಲ್ಲಿ, ಲಿವರ್ ಕೆಟ್ಟವರಲ್ಲಿ ಇದು ತಿರುಗುಮುರುಗು. ಆ ಬಿಡಿ ಭಾಗವನ್ನು ಸೂತ್ರದಿಂದ ಲೆಕ್ಕ ಹಾಕಬೇಕು. ಲ್ಯಾಬಿನವರು ನೇರವಾಗಿ ಅಳೆದು ಕೊಡುವ ‘ಫ್ರೀ ಟೆಸ್ಟೋಸ್ಟೆರಾನ್’ ಇಮ್ಯುನೊಅಸ್ಸೆಯನ್ನು (ಪ್ರತಿಕಾಯ ಬಳಸಿ ಅಳೆಯುವ ಪರೀಕ್ಷೆ) ನಾನು ನೆಚ್ಚುವುದಿಲ್ಲ.

ಮುಂದೆ ಎಲ್‌ಎಚ್ ಮತ್ತು ಪ್ರೊಲ್ಯಾಕ್ಟಿನ್ (ಪಿಟ್ಯುಟರಿಯದೇ ಇನ್ನೊಂದು ಹಾರ್ಮೋನು). ಎಲ್‌ಎಚ್ ಏರಿದ್ದರೆ ದೋಷ ವೃಷಣದಲ್ಲಿ. ಟೆಸ್ಟೋಸ್ಟೆರಾನ್ ತಗ್ಗಿದ್ದೂ ಎಲ್‌ಎಚ್ ಸುಮ್ಮನಿದ್ದರೆ ದೋಷ ಮೇಲೆ, ಪಿಟ್ಯುಟರಿಯ ಕಡೆ. ಟೆಸ್ಟೋಸ್ಟೆರಾನ್ 150ಕ್ಕಿಂತ ಕೆಳಗಿದ್ದು ಎಲ್‌ಎಚ್ ಕೂಡ ತಗ್ಗಿದ್ದರೆ, ಅಥವಾ ಪ್ರೊಲ್ಯಾಕ್ಟಿನ್ ಏರಿಯೇ ಉಳಿದರೆ ಎಂಆರ್‌ಐ. ಆದರೆ ಎಂಆರ್‌ಐಗೆ ಕಳಿಸುವ ಮೊದಲು ಗ್ಯಾಸ್ ಮಾತ್ರೆಯ ಹಾಳೆಯನ್ನು ತರಿಸಿ ನೋಡಿ. ನಮ್ಮಲ್ಲಿ ಪ್ಯಾಂಟೊಪ್ರಜೋಲ್ ಜತೆ ಡಾಂಪೆರಿಡೋನ್ ಅಥವಾ ಲೆವೊಸಲ್ಪಿರೈಡ್ ಸೇರಿಸಿದ ಕ್ಯಾಪ್ಸೂಲನ್ನು ತಿಂಗಳುಗಟ್ಟಲೆ ನುಂಗುವವರಿಗೆ ಕೊರತೆಯಿಲ್ಲ. ಈ ಡಾಂಪೆರಿಡೋನ್, ಲೆವೊಸಲ್ಪಿರೈಡ್ ಎರಡೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ, ಆಸೆಯನ್ನೂ ತಗ್ಗಿಸುತ್ತವೆ. ‘ಯಾವ ಮಾತ್ರೆಯೂ ಇಲ್ಲ ಸಾರ್’ ಎನ್ನುವವರು ಗ್ಯಾಸ್ ಮಾತ್ರೆಯನ್ನು ಲೆಕ್ಕಕ್ಕೇ ಹಿಡಿದಿರುವುದಿಲ್ಲ. ಜಿಮ್‌ನಲ್ಲಿ ಚುಚ್ಚಿಸಿಕೊಂಡ ಸ್ಟೀರಾಯ್ಡನ್ನು ಮಾತ್ರ ಹೆಸರು ಹಿಡಿದೇ ಕೇಳಬೇಕು.

ಇಷ್ಟೆಲ್ಲ ನೋಡಿದರೂ ನಿಮಿರುವಿಕೆ ಸೋಲುವುದಕ್ಕೆ ಬಹುಪಾಲು ಕಾರಣ ಹಾರ್ಮೋನಲ್ಲ, ರಕ್ತನಾಳ. ಶಿಶ್ನದ ಅಪಧಮನಿ ಹೃದಯದ್ದಕ್ಕಿಂತ ಸಣ್ಣದು, ಅದಕ್ಕೇ ಮೊದಲು ಕಟ್ಟುತ್ತದೆ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ), ಕೊಲೆಸ್ಟರಾಲ್, ಬಿಪಿ, ಸೊಂಟದ ಸುತ್ತಳತೆ ನೋಡದೆ ನಾನು ಮುಂದಕ್ಕೆ ಹೋಗುವುದಿಲ್ಲ. ಆಸೆ ಕುಂದಿದೆಯೋ, ಆಸೆಯಿದ್ದೂ ನಿಮಿರುತ್ತಿಲ್ಲವೋ ಎಂಬುದನ್ನು ಬೇರೆ ಬೇರೆಯಾಗಿಯೇ ಕೇಳುತ್ತೇನೆ. ಆಸೆ ಕುಂದಿ, ಬೆಳಗಿನ ನಿಮಿರುವಿಕೆಯೂ ನಿಂತಿದ್ದರೆ ಹಾರ್ಮೋನಿನ ಮೇಲೆ ಅನುಮಾನ ಜಾಸ್ತಿ.

ಟೆಸ್ಟೋಸ್ಟೆರಾನ್ ಸರಿಯಿದ್ದವರಿಗೆ ಸಿಲ್ಡೆನಾಫಿಲ್ ಅಥವಾ ಟಡಲಾಫಿಲ್ ಎಂಬ ನಿಮಿರುವಿಕೆಯ ಮಾತ್ರೆ. ಇದು ‘ಕೆಲಸ ಮಾಡಲಿಲ್ಲ’ ಎನ್ನುವವರಲ್ಲಿ ಅನೇಕರು ತೆಗೆದುಕೊಂಡ ರೀತಿಯೇ ತಪ್ಪಿರುತ್ತದೆ: ಬಿರಿಯಾನಿ ಊಟದ ಮೇಲೆ 50 ಮಿಲಿಗ್ರಾಂ ಸಿಲ್ಡೆನಾಫಿಲ್ ನುಂಗಿ ಹತ್ತು ನಿಮಿಷಕ್ಕೆ ಫಲ ಕಾಯುವುದು. ಹೊಟ್ಟೆ ಹಗುರವಿರಬೇಕು, ಒಂದು ಗಂಟೆ ಮೊದಲು ನುಂಗಬೇಕು, ಉದ್ರೇಕವೂ ಇರಬೇಕು. ಟಡಲಾಫಿಲ್‌ಗೆ ಊಟದ ಅಡ್ಡಿಯಿಲ್ಲ. ಸರಿಯಾದ ಪ್ರಮಾಣದಲ್ಲಿ ಕನಿಷ್ಠ ಆರು ಸಲ ಪ್ರಯತ್ನಿಸಿದ ಮೇಲೆಯೇ ಸೋತಿತು ಎನ್ನಬೇಕು. ಎದೆನೋವಿಗೆ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಅಥವಾ ನಿಕೊರಾಂಡಿಲ್ ತೆಗೆದುಕೊಳ್ಳುವವರಿಗೆ ಈ ಮಾತ್ರೆ ಖಂಡಿತ ಕೂಡದು, ಬಿಪಿ ಪಾತಾಳಕ್ಕಿಳಿಯುತ್ತದೆ.

ಕೊರತೆ ಖಚಿತವಾದವರಲ್ಲೂ ಇಂಜೆಕ್ಷನ್‌ಗೆ ಮುಂಚೆ ಒಂದು ಪ್ರಶ್ನೆ ಬಾಕಿಯಿದೆ: ಮಕ್ಕಳು ಬೇಕೆ? ಹೊರಗಿನಿಂದ ಟೆಸ್ಟೋಸ್ಟೆರಾನ್ ಕೊಟ್ಟರೆ ಎಲ್‌ಎಚ್, ಎಫ್‌ಎಸ್‌ಎಚ್ (ವೀರ್ಯಾಣು ತಯಾರಿಗೆ ಬೇಕಾದ ಹಾರ್ಮೋನು) ನಿಂತು ವೀರ್ಯಾಣು ಸೊನ್ನೆಗೆ ಇಳಿಯಬಹುದು, ಮರಳಲು ತಿಂಗಳುಗಳೇ ಬೇಕು. ಬಂಜೆತನದ ಚಿಕಿತ್ಸೆಯಲ್ಲಿರುವ ಗಂಡಸಿಗೆ ‘ಶಕ್ತಿ ಬರಲಿ’ ಎಂದು ಇದನ್ನು ಕೊಡುವುದಕ್ಕಿಂತ ಕೆಟ್ಟ ಉಪಕಾರ ಇನ್ನೊಂದಿಲ್ಲ. ಅಂಥವರಿಗೆ ಎಚ್‌ಸಿಜಿ (ಎಲ್‌ಎಚ್‌ನಂತೆ ಕೆಲಸ ಮಾಡುವ ಇಂಜೆಕ್ಷನ್) ಅಥವಾ ಕ್ಲೋಮಿಫೀನ್ (ದೇಹದ ಸ್ವಂತ ಎಲ್‌ಎಚ್ ಏರಿಸುವ ಮಾತ್ರೆ) ದಾರಿ. ಬೊಜ್ಜಿನಿಂದ ತುಸು ತಗ್ಗಿದ್ದರೆ ತೂಕ ಇಳಿಸುವುದು, ಗೊರಕೆ ಹೊಡೆಯುವವರಿಗೆ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆ) ಪರೀಕ್ಷೆ ಮೊದಲು.

ಉಳಿದವರಿಗೆ ಹಿಮಟೊಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) ಮತ್ತು ಪಿಎಸ್‌ಎ (ಪ್ರೊಸ್ಟೇಟ್ ಗ್ರಂಥಿಯ ರಕ್ತಪರೀಕ್ಷೆ) ನೋಡಿ ಶುರು. ಅಂಡೆಕನೊಯೇಟ್ (ನಿಧಾನವಾಗಿ ಬಿಡುಗಡೆಯಾಗುವ ಟೆಸ್ಟೋಸ್ಟೆರಾನ್) 1000 ಮಿಲಿಗ್ರಾಂ, ಎಣ್ಣೆಯಲ್ಲಿ ಕರಗಿಸಿದ 4 ಮಿಲಿಲೀಟರ್, ಪೃಷ್ಠದ ಸ್ನಾಯುವಿಗೆ ಎರಡು ನಿಮಿಷ ಹಿಡಿದು ನಿಧಾನವಾಗಿ. ಎರಡನೆಯದು ಆರು ವಾರಕ್ಕೆ, ಆಮೇಲೆ 10ರಿಂದ 14 ವಾರಕ್ಕೊಂದು. ಅವಸರಪಟ್ಟು ಚುಚ್ಚಿದರೆ ಎಣ್ಣೆಯ ಹನಿ ಶ್ವಾಸಕೋಶ ಸೇರಿ ಕೆಮ್ಮು, ಉಬ್ಬಸ ಬರಬಹುದು, ಹಾಗಾಗಿ ಅರ್ಧ ಗಂಟೆ ಕೂರಿಸುತ್ತೇನೆ. ಮೂರು ವಾರಕ್ಕೊಮ್ಮೆ 250 ಮಿಲಿಗ್ರಾಂ ಹಾಕುವ ಅಗ್ಗದ ಇಂಜೆಕ್ಷನ್‌ಗಳಲ್ಲಿ ಮೊದಲ ವಾರ ಹುರುಪು, ಮೂರನೆಯ ವಾರ ಜೋಲುಮೋರೆ. ಕೆಂಪುಕಣ ಹೆಚ್ಚಿ ರಕ್ತ ಮಂದವಾಗುವುದೂ ಇವುಗಳಲ್ಲೇ ಹೆಚ್ಚು. ಹಿಮಟೊಕ್ರಿಟ್ 54 ದಾಟಿದರೆ ನಿಲ್ಲಿಸುತ್ತೇನೆ. 2023ರ ಟ್ರಾವರ್ಸ್ ಅಧ್ಯಯನದಲ್ಲಿ ಟೆಸ್ಟೋಸ್ಟೆರಾನ್ ಪಡೆದವರಿಗೆ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ. ಆದರೆ ಏಟ್ರಿಯಲ್ ಫಿಬ್ರಿಲೇಷನ್ (ಹೃದಯ ಬಡಿತ ತಾಳ ತಪ್ಪುವುದು), ಶ್ವಾಸಕೋಶದ ರಕ್ತಹೆಪ್ಪು ಸ್ವಲ್ಪ ಹೆಚ್ಚು ಕಂಡವು. ಇದನ್ನು ರೋಗಿಗೂ ಹೇಳಿಯೇ ಶುರು ಮಾಡುವುದು.

ಆಸೆ ಮೊದಲು ಚಿಗುರುತ್ತದೆ, ಮೂರರಿಂದ ಆರು ವಾರ. ನಿಮಿರುವಿಕೆಗೆ ಆರು ತಿಂಗಳು ಕಾಯಬೇಕು, ಎಷ್ಟೋ ಸಲ ಟಡಲಾಫಿಲ್ ಜತೆಗಿರಬೇಕು. ಆರು ತಿಂಗಳಲ್ಲಿ ಅಂಕಿ ಸರಿಯಾಗಿಯೂ ವ್ಯತ್ಯಾಸ ಕಾಣದಿದ್ದರೆ ಮುಂದುವರಿಸುವುದಿಲ್ಲ. ಅಂಡೆಕನೊಯೇಟ್ ಪಡೆಯುವವರಲ್ಲಿ ಟೆಸ್ಟೋಸ್ಟೆರಾನ್ ಮಟ್ಟವನ್ನು ಮುಂದಿನ ಇಂಜೆಕ್ಷನ್‌ಗೆ ಸ್ವಲ್ಪ ಮುಂಚೆ ಅಳೆಯಬೇಕು. ಇಂಜೆಕ್ಷನ್ ಬದಲು ಟೆಸ್ಟೋಸ್ಟೆರಾನ್ ಜೆಲ್ ಬಳಸುವವರು ಹೆಗಲಿಗೆ ಹಚ್ಚಿ, ಒಣಗಿದ ಮೇಲೆ ಬಟ್ಟೆ ಹಾಕಿ, ಕೈ ಸೋಪಿನಲ್ಲಿ ತೊಳೆಯಬೇಕು. ಮಗುವನ್ನು ಎತ್ತಿಕೊಂಡರೆ ಮಗುವಿಗೂ ಅಂಟುತ್ತದೆ. ಜೆಲ್ ಹಚ್ಚಿದ ತೋಳಿನಿಂದಲೇ ರಕ್ತ ತೆಗೆದರೆ ಅಂಕಿ ಆಕಾಶಕ್ಕೇರುತ್ತದೆ, ಆದ್ದರಿಂದ ಆ ದಿನ ಇನ್ನೊಂದು ಕೈ ಕೊಡಿ ಎಂದು ಚೀಟಿಯಲ್ಲೇ ಬರೆದುಬಿಡುತ್ತೇನೆ.