ಕರಿಯನಿಗೆ ಜೊತೆಯಾಗಿ ಬಂದ ಬಿಜಲಿ

ನಮ್ಮ ನಾಯಿ ಕರಿಯ ಬೀದಿಯಿಂದ ಬಂದವನು. ಈಗ ಏಳು ವರ್ಷ. ಅವನ ಜೊತೆಗೇ ಬೆಳೆದ ಬಿಳಿ ಹೋದ ವರ್ಷ ಆಷಾಢದಲ್ಲಿ ತೀರಿಕೊಂಡಳು. ಕರಿಯ ಊಟ ಬಿಡಲಿಲ್ಲ. ಆದರೆ ಬಾಗಿಲಲ್ಲಿ ಮಲಗೋದನ್ನು ಬಿಟ್ಟ. ಬಿಳಿ ಮಲಗುತ್ತಿದ್ದ ಮೂಲೆಯ ಎದುರು ಮುಖ ಮಾಡಿ ಸುಮ್ನೆ ಬಿದ್ದಿರುತ್ತಿದ್ದ. ಗೇಟು ಸದ್ದಾದರೂ ಏಳುತ್ತಿರಲಿಲ್ಲ. ಮೂರು ತಿಂಗಳು ನೋಡಿದೆ. ಆಮೇಲೆ ನೋಡೋಕಾಗಲಿಲ್ಲ.

ಎಲ್ಲರೂ ಒಂದು ಮರಿ ತಗೊಳ್ಳಿ ಅಂದರು. ನನಗೆ ಮನಸ್ಸಾಗಲಿಲ್ಲ. ಮರಿ ದಿನವಿಡೀ ಕಿವಿ ಹಿಡಿದು ಜಗ್ಗುತ್ತೆ, ಬಾಲ ಕಚ್ಚುತ್ತೆ. ಏಳು ವರ್ಷದ ನಾಯಿಗೆ ಅದು ಕಾಟ. ಬೆಳೆದ ನಾಯಿಯಾದರೆ ಅದರ ಸ್ವಭಾವ ಏನು ಅಂತ ಸಾಕಿದವರನ್ನು ಕೇಳಬಹುದು, ನಾವೇ ಕಣ್ಣಾರೆ ನೋಡಲೂಬಹುದು. ಹೀಗೆ ಹುಡುಕುವಾಗ ರೋಣದ ಕಡೆಯ ರೈತರೊಬ್ಬರ ಸುದ್ದಿ ಬಂತು. ಹೊಲ ಲಾವಣಿಗೆ (ಗುತ್ತಿಗೆಗೆ) ಹಾಕಿ ಹುಬ್ಬಳ್ಳಿಗೆ ಮಗನ ಮನೆಗೆ ಹೋಗುವವರಿದ್ದರು. ಅವರ ಮುಧೋಳ ನಾಯಿಗೆ ಮನೆ ಬೇಕಿತ್ತು. ಹೆಣ್ಣು, ನಾಲ್ಕು ವರ್ಷ, ಹೆಸರು ಬಿಜಲಿ.

ಮುಧೋಳ ಅಂದ ಕೂಡಲೇ ನಮ್ಮ ಕಡೆ ಎಲ್ಲರಿಗೂ ಹೆಮ್ಮೆ. ಘೋರ್ಪಡೆ ಅರಸರು ಬೆಳೆಸಿದ ತಳಿ, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದಿದೆ. ಆದರೆ ಮನೆಯೊಳಗೆ ಸಾಕುವವರು ಮೊದಲು ತಿಳಿಯಬೇಕಾದದ್ದು ಬೇರೆ. ಇದು ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ನಾಯಿ. ದೂರದಲ್ಲಿ ಏನಾದರೂ ಓಡಿದರೆ ಸಾಕು, ಹಿಂದೆ ಬಿತ್ತು ಅಂತಲೇ ಲೆಕ್ಕ. ಮೊಲದ ಬೇಟೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಅದು ಮನುಷ್ಯರಿಗೆ ಗೊತ್ತು, ನಾಯಿಯ ರಕ್ತಕ್ಕೆ ಗೊತ್ತಿಲ್ಲ. ಆ ರೈತರೂ ಮುಚ್ಚಿಡದೆ ಹೇಳಿದರು: “ಅಕ್ಕಾರ, ಮನಿ ಮಂದೀಗೆ ಭಾಳ ಮೆತ್ತಗೈತ್ರಿ. ಆದ್ರ ಬೆಕ್ಕು ಕಂಡ್ರ ನನ್ನ ಮಾತೂ ಕೇಳಂಗಿಲ್ರಿ.” ಈ ಒಂದು ಮಾತಿನಿಂದಲೇ ನನಗೆ ಅವರ ಮೇಲೆ ನಂಬಿಕೆ ಬಂತು.

ತರುವ ಮೊದಲು ರಕ್ತ ಪರೀಕ್ಷೆ ಮಾಡಿಸಿದೆ. ಉಣ್ಣಿ ಹುಳದಿಂದ ಬರುವ ಜ್ವರ ಇತ್ತು. 28 ದಿನ ಮಾತ್ರೆ ಕೊಟ್ಟು, ಮೈಮೇಲಿನ ಉಣ್ಣಿ ತೆಗೆಸಿ, ರೇಬೀಸ್ ಲಸಿಕೆ ಹಾಕಿಸಿದ ಮೇಲೆಯೇ ಕರಿಯನ ಹತ್ತಿರ ತಂದಿದ್ದು. ಇದನ್ನು ಯಾರೂ ಬಿಡಬೇಡಿ.

ಮೊದಲ ಭೇಟಿ ಮನೆಯಲ್ಲಿ ಬೇಡ ಅಂತ ತೀರ್ಮಾನಿಸಿದ್ದೆ. ಬೆಳಗ್ಗೆ ಆರಕ್ಕೆ ಕರ್ನಾಟಕ ವಿಶ್ವವಿದ್ಯಾಲಯದ ಕಡೆಯ ರಸ್ತೆಗೆ ಹೋದೆವು. ಅದು ಇಬ್ಬರ ಜಾಗವೂ ಅಲ್ಲ. ನಾನು ಕರಿಯನನ್ನು ಹಿಡಿದಿದ್ದೆ, ರೈತರು ಬಿಜಲಿಯನ್ನು. ಇಪ್ಪತ್ತು ಅಡಿ ಅಂತರ ಬಿಟ್ಟು, ಒಂದೇ ದಿಕ್ಕಿಗೆ, ಮುಖಾಮುಖಿ ಆಗದ ಹಾಗೆ ನಡೆದೆವು. ನಲವತ್ತು ನಿಮಿಷ ಬರೀ ನಡೆದಿದ್ದೇ. ಅಂತರ ತಾನಾಗೇ ಕಡಿಮೆಯಾಗುತ್ತಾ ಬಂತು. ಕೊನೆಗೆ ಕರಿಯ ಅವಳ ಹಿಂಭಾಗ ಮೂಸಿದ, ಅವಳು ತಿರುಗಿ ಮೂಸಿದಳು. ಮುಂದೆ ಏನೂ ಆಗಲಿಲ್ಲ. ನನಗೆ ಅಷ್ಟೇ ಬೇಕಿತ್ತು. ಮನೆಗೆ ಬಂದಾಗ ಇಬ್ಬರನ್ನೂ ಒಟ್ಟಿಗೆ ಗೇಟು ದಾಟಿಸಿದೆ.

ಬಿಳಿಯ ಮೂಲೆಯನ್ನು ಬಿಜಲಿಗೆ ಕೊಡಲಿಲ್ಲ. ಅಡುಗೆಮನೆ ಪಕ್ಕದ ಪಡಸಾಲೆಯಲ್ಲಿ ಅಮ್ಮ ಹೊಲಿದಿದ್ದ ಹಳೇ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದೆ. ಈ ನಾಯಿಗಳ ಮೈಯಲ್ಲಿ ಕೊಬ್ಬು ತೀರಾ ಕಡಿಮೆ, ತೊಗಲು ತೆಳು. ಬರೀ ಕಲ್ಲಿನ ನೆಲದ ಮೇಲೆ ಮಲಗಿದರೆ ಮೊಣಕೈ ಗಟ್ಟಿಯಾಗಿ ದಡ್ಡುಗಟ್ಟುತ್ತೆ. ಧಾರವಾಡದ ಚಳಿಗೆ ಅವಳು ಕೌದಿಯೊಳಗೆ ಮೂತಿ ತೂರಿಸಿ ಮಲಗುತ್ತಿದ್ದಳು. ಊಟ ಮೊದಲ ಹತ್ತು ದಿನ ಹಳೇದೇ, ಜೋಳದ ರೊಟ್ಟಿ ಹಾಲು. ಆಮೇಲೆ ನುಚ್ಚು, ಮೊಟ್ಟೆ ನಿಧಾನಕ್ಕೆ ಸೇರಿಸಿದೆ. ತಟ್ಟೆ ಬೇರೆ, ಕೋಣೆ ಬೇರೆ, ಬಾಗಿಲು ಹಾಕಿಯೇ ಊಟ.

ಒಂದು ತಪ್ಪು ಮಾಡಿದೆ. ನಾಲ್ಕನೇ ದಿನ ಬಿಜಲಿ ಅವನ ತಟ್ಟೆಯ ಹತ್ತಿರ ಹೋದಾಗ ಕರಿಯ ಗುರ್ ಅಂದ. ನಾನು ಅವನಿಗೇ ಬೈದೆ. ಗುರುಗುಟ್ಟೋದು ನಾಯಿಯ ಮಾತು, ದೂರ ಇರು ಅಂತ ಹೇಳೋದು. ಅದನ್ನೂ ಬಾಯಿ ಮುಚ್ಚಿಸಿದರೆ ಮುಂದೆ ಹೇಳದೇ ಕಚ್ಚಬಹುದು. ಅವನೇನೂ ತಪ್ಪು ಮಾಡಿರಲಿಲ್ಲ. ತಟ್ಟೆ ಎತ್ತಿಡದೆ ಬಾಗಿಲು ತೆಗೆದವಳು ನಾನು.

ಒಂಬತ್ತನೇ ದಿನ ಎದೆ ಒಡೆದು ಹೋಗುವಂಥದ್ದು ನಡೆಯಿತು. ಕೆಲಗೇರಿ ಕೆರೆಯ ಕಡೆ ಇಬ್ಬರನ್ನೂ ಕರೆದುಕೊಂಡು ಹೋಗಿದ್ದೆ. ಪೊದೆಯಿಂದ ಒಂದು ಬೆಕ್ಕು ಓಡಿತು. ಬಿಜಲಿ ಒಂದು ಹೆಜ್ಜೆ ಹಿಂದೆ ಸರಿದು ತಲೆ ಬಗ್ಗಿಸಿದಳು, ಅಷ್ಟೇ. ಖಾಲಿ ಬೆಲ್ಟು ನನ್ನ ಕೈಯಲ್ಲಿತ್ತು. ಇವುಗಳ ತಲೆ ಸಣ್ಣದು, ಕುತ್ತಿಗೆ ಹೆಚ್ಚು ಕಡಿಮೆ ತಲೆಯಷ್ಟೇ ದಪ್ಪ. ಮಾಮೂಲಿ ಬೆಲ್ಟು ಜಾರಿಬಿಡುತ್ತೆ. ಅವಳು ಹೊಲಕ್ಕೆ ಬಿದ್ದು ಕಣ್ಮರೆಯಾದಳು.

ಹಿಂದೆ ಓಡಬೇಕು ಅನ್ನಿಸಿತು. ಓಡಲಿಲ್ಲ. ಆ ವೇಗಕ್ಕೆ ಯಾರು ಓಡ್ತಾರೆ? ಅಟ್ಟಿದರೆ ಇನ್ನೂ ದೂರ ಹೋಗುತ್ತಾಳೆ. ಇದ್ದಲ್ಲೇ ಕೂತೆ. ಕರಿಯನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಹೆಸರು ಹಿಡಿದು ಕೂಗಿದೆ, ಉತ್ತರ ಇಲ್ಲ. ಅರ್ಧ ಗಂಟೆ ಆಗಿರಬೇಕು. ಕರಿಯ ಇದ್ದಕ್ಕಿದ್ದಂತೆ ಕಿವಿ ನಿಮಿರಿಸಿ, ಬಿಳಿ ಹೋದಾಗಿನಿಂದ ನಾನು ಕೇಳಿರದ ದನಿಯಲ್ಲಿ ಬೊಗಳಿದ. ಬಿಜಲಿ ಬದುವಿನ ಮೇಲೆ ಕಾಣಿಸಿದಳು. ನೇರ ನನ್ನ ಹತ್ತಿರ ಬರಲಿಲ್ಲ, ಕರಿಯನ ಹತ್ತಿರ ಬಂದಳು. ಅವನ ಮೂತಿ ನೆಕ್ಕಿ, ಏದುಸಿರು ಬಿಡುತ್ತಾ ಪಕ್ಕದಲ್ಲೇ ಕುಸಿದಳು. ಬೆಲ್ಟು ಹಾಕುವಾಗ ನನ್ನ ಕೈ ನಡುಗುತ್ತಿತ್ತು.

ಅವತ್ತೇ ಎಳೆದಾಗ ಬಿಗಿಯಾಗುವ ಅಗಲ ಪಟ್ಟಿಯ ಮಾರ್ಟಿಂಗೇಲ್ ಕಾಲರ್ ತರಿಸಿದೆ. ಕಂಪೌಂಡಿನ ಗೋಡೆ ನಾಲ್ಕು ಅಡಿ ಇತ್ತು, ಮೇಲೆ ಮೂರು ಅಡಿ ಜಾಲರಿ ಕಟ್ಟಿಸಿದೆ. ಹೊರಗೆ ಹಗ್ಗ ಬಿಚ್ಚೋದು ಇಲ್ಲವೇ ಇಲ್ಲ. ಬೇಲಿ ಇರುವ ಪರಿಚಿತರ ಮಾವಿನ ತೋಟದಲ್ಲಿ ಮಾತ್ರ ವಾರಕ್ಕೆ ಎರಡು ಸಲ ಬಿಡುತ್ತೇನೆ. ಮಕ್ಕಳಾಗದ ಆಪರೇಷನ್ ಮಾಡಿಸುವಾಗ ಡಾಕ್ಟರಿಗೆ ಇದು ಮುಧೋಳ ಅಂತ ಮೊದಲೇ ನೆನಪಿಸಿದೆ. ಕೊಬ್ಬು ಕಡಿಮೆ ಇರುವ ಇಂಥ ತಳಿಗಳಿಗೆ ಥಯೋಪೆಂಟಾಲ್‌ನಂಥ ಅರಿವಳಿಕೆ ಔಷಧಿಯ ಅಮಲು ಬೇಗ ಇಳಿಯೋದಿಲ್ಲ.

ಇಬ್ಬರೂ ಆಟ ಆಡೋದು ಅಪರೂಪ. ಅವಳು ಮುಂಗಾಲು ಚಾಚಿ ಕರೆದರೆ ಕರಿಯ ನಾಲ್ಕು ಹೆಜ್ಜೆ ಓಡಿ ನಿಂತುಬಿಡುತ್ತಾನೆ. ಅವಳು ಅವನನ್ನು ಮೂರು ಸುತ್ತು ಹಾಕಿ ಬರುತ್ತಾಳೆ. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಕೌದಿ ಪಡಸಾಲೆಯಲ್ಲಿ ಇರಲಿಲ್ಲ. ಬಿಜಲಿ ಅದನ್ನು ಹಲ್ಲಲ್ಲಿ ಎಳೆದುಕೊಂಡು ಹೊಸ್ತಿಲವರೆಗೆ ತಂದಿದ್ದಳು. ಅದರ ಒಂದು ತುದಿಯ ಮೇಲೆ ಕರಿಯ ಮಲಗಿದ್ದ, ಬಾಗಿಲಲ್ಲಿ, ಮೊದಲಿನ ಜಾಗದಲ್ಲೇ. ಈಗ ಗೇಟು ಸದ್ದಾದರೆ ಮೊದಲು ಕತ್ತು ಎತ್ತೋದು ಬಿಜಲಿ, ಎದ್ದು ಬೊಗಳೋದು ಕರಿಯ.