ಗಂಜಿನ ದುಡ್ಡು ಷೇರಿನಲ್ಲಿ: ರಜೆ ನೋಡಿ ಮಾರುವ ನನ್ನ ಪದ್ಧತಿ

ನಮ್ಮದು ರಾಯಚೂರಿನ ರಾಜೇಂದ್ರ ಗಂಜಿನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ರೈತರ ಹತ್ತಿ ಮಾರಿಸಿಕೊಡುವ ಅಡತ್ ಅಂಗಡಿ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ. ಆಮೇಲೆ ಅದೇ ದುಡ್ಡು ಕರೆಂಟ್ ಅಕೌಂಟಿನಲ್ಲಿ ಬಡ್ಡಿ ಇಲ್ಲದೆ ಬಿದ್ದಿರುತ್ತದೆ. ಅದನ್ನು ಷೇರಿಗೆ ಹಾಕುತ್ತೇನೆ ಎಂದಾಗ ಅಕ್ಕಪಕ್ಕದ ಅಂಗಡಿಯವರೆಲ್ಲ ಒಂದೇ ಮಾತು ಹೇಳಿದರು: ರೈತ ತೂಕ ಮಾಡಿಸಿ ಎದುರಿಗೆ ನಿಂತಾಗ ನಿನ್ನ ದುಡ್ಡು ಮುಂಬೈಯಲ್ಲಿ ಸಿಕ್ಕಿಕೊಂಡಿರುತ್ತದೆ. ಈಗ ಎರಡು ಸೀಸನ್ ಮುಗಿದಿವೆ, ಷೇರಿನ ಕಾರಣಕ್ಕೆ ಒಬ್ಬ ರೈತನ ಪಟ್ಟಿಯೂ (ಮಾಲಿನ ಹಣ) ತಡವಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವರ ಅನುಮಾನಕ್ಕೆ ಕಾರಣ ಇತ್ತು. 2021ರ ದಸರಾ ಶುಕ್ರವಾರ ಬಂತು, ಅಕ್ಟೋಬರ್ 15. ಆಗಿನ್ನೂ ಟಿ ಪ್ಲಸ್ ಟೂ, ಅಂದರೆ ಮಾರಿದ ಮೇಲೆ ಎರಡನೇ ಕೆಲಸದ ದಿನ ಲೆಕ್ಕ ಚುಕ್ತಾ. ಬುಧವಾರ ಮಾರಿದ್ದರ ಲೆಕ್ಕ ಸೋಮವಾರ ಚುಕ್ತಾ, ಅಲ್ಲಿಂದ ಬ್ಯಾಂಕಿಗೆ ಬರಲು ಇನ್ನೊಂದು ದಿನ. ನಡುವೆ ದೇವದುರ್ಗದ ಕಡೆಯಿಂದ ಮಾಲು ಬಂತು. ಸುಮಾರು ನಾಲ್ಕು ಲಕ್ಷ ಕೈಗಡ ತಂದೆ, ತಿಂಗಳಿಗೆ ಎರಡು ರೂಪಾಯಿ ಬಡ್ಡಿ, ಕೊಟ್ಟವರು ಪೂರ್ತಿ ತಿಂಗಳ ಬಡ್ಡಿ ಹಿಡಿದರು. ಎಂಟು ಸಾವಿರ ಹೋಯ್ತು. ಆ ವರ್ಷ ಷೇರಿನಲ್ಲಿ ದುಡಿದದ್ದರಲ್ಲಿ ದೊಡ್ಡ ಪಾಲು ಅದೇ.

2023ರ ಜನವರಿ 27ರಿಂದ ಎಲ್ಲ ಷೇರುಗಳೂ ಟಿ ಪ್ಲಸ್ ಒನ್‌ಗೆ ಬಂದವು. ಪದ್ಧತಿ ಕೈಹಿಡಿದದ್ದು ಅಲ್ಲಿಂದ. ಆದರೆ ಒಂದು ದಿನ ಅಂದರೆ ಒಂದು ದಿನ ಅಲ್ಲ. ರಜೆಗಳು ಮೂರು ಥರ ಇವೆ. ಎಕ್ಸ್‌ಚೇಂಜ್ ಬಂದ್ ಆಗುವ ರಜೆ, ವಹಿವಾಟು ನಡೆದರೂ ಚುಕ್ತಾ ಆಗದ ಸೆಟಲ್‌ಮೆಂಟ್ ರಜೆ, ಇನ್ನು ನಮ್ಮ ಬ್ಯಾಂಕಿನ ಕರ್ನಾಟಕದ ರಜೆ. ಮೊದಲನೆಯದನ್ನು ಎಲ್ಲರೂ ನೋಡುತ್ತಾರೆ. ಪೆಟ್ಟು ಕೊಡುವುದು ಉಳಿದೆರಡು. ಏಪ್ರಿಲ್ 1ಕ್ಕೆ ಬ್ಯಾಂಕುಗಳ ವರ್ಷದ ಲೆಕ್ಕ, ಚುಕ್ತಾ ಇಲ್ಲ. ಫೆಬ್ರವರಿ 19 ಶಿವಾಜಿ ಜಯಂತಿ, ಮುಂಬೈ ಬ್ಯಾಂಕಿಗೆ ರಜೆ, ಇಲ್ಲಿ ಯಾರಿಗೂ ನೆನಪೇ ಇರುವುದಿಲ್ಲ. ನಮ್ಮ ರಾಜ್ಯೋತ್ಸವದ ದಿನ 2023ರಲ್ಲಿ ಷೇರುಪೇಟೆ ನಡೆದೇ ಇತ್ತು. ಎಲ್ಲ ಮುಂಬೈ ಕ್ಯಾಲೆಂಡರಿನಂತೆ ನಡೆಯುತ್ತದೆ, ಅಲ್ವಾ?

ನಿಜವಾದ ಪರೀಕ್ಷೆ 2024ರ ನವೆಂಬರ್‌ನಲ್ಲಿ ಬಂತು, ಹತ್ತಿ ಜೋರಾಗಿ ಬರುವ ಹೊತ್ತು. 15ನೇ ತಾರೀಖು ಶುಕ್ರವಾರ ಗುರುನಾನಕ್ ಜಯಂತಿ, ಪೇಟೆ ಬಂದ್. ಆಮೇಲೆ ಶನಿವಾರ, ಭಾನುವಾರ. 18 ಸೋಮವಾರ ಮುಂಬೈಯಲ್ಲಿ ಕೆಲಸದ ದಿನ, ಆದರೆ ನಮಗೆ ಕನಕದಾಸ ಜಯಂತಿ, ಬ್ಯಾಂಕಿನ ಕೌಂಟರ್ ಇಲ್ಲ. 20 ಬುಧವಾರ ಮಹಾರಾಷ್ಟ್ರದ ಚುನಾವಣೆ, ಮತ್ತೆ ಬಂದ್. ಈ ಕೊನೆಯ ರಜೆ ವರ್ಷದ ಪಟ್ಟಿಯಲ್ಲಿ ಇರಲಿಲ್ಲ, ಆಮೇಲೆ ಸೇರಿಸಿದ್ದು. ಗುರುವಾರ 14ಕ್ಕೆ ಮಾರಿದ್ದರೆ ಚುಕ್ತಾ ಸೋಮವಾರ. ಮಂಗಳವಾರ ಮಾರಿದ್ದರೆ 21ಕ್ಕೆ. ಆನ್‌ಲೈನಿನಲ್ಲಿ ರೈತರ ಖಾತೆಗೆ ಯಾವಾಗ ಬೇಕಾದರೂ ಹಾಕಬಹುದು, ನೆಫ್ಟ್ 2019ರ ಡಿಸೆಂಬರ್‌ನಿಂದ ಹಗಲು ರಾತ್ರಿ ಇದೆ. ಹಮಾಲರಿಗೆ ಮಾತ್ರ ನಗದೇ ಬೇಕು. ನಾನು 12ನೇ ತಾರೀಖು ಮಂಗಳವಾರವೇ ಐದು ಲಕ್ಷದಷ್ಟು ಬಿಡಿಸಿಕೊಂಡಿದ್ದೆ. ಮೊದಲು ನನ್ನನ್ನು ಬೈದಿದ್ದ ಒಬ್ಬರು ಆ ವಾರ ನನ್ನ ಹತ್ತಿರವೇ ಎರಡು ಲಕ್ಷ ಕೇಳಿ ಒಯ್ದರು. ಬಡ್ಡಿ ತಗೊಳ್ಳಲಿಲ್ಲ.

ಪದ್ಧತಿ ಇಷ್ಟೇ. ಸುಮಾರು ಹನ್ನೆರಡು ಲಕ್ಷದಲ್ಲಿ ಎಂಟರಷ್ಟು ಲಿಕ್ವಿಡ್ ಇಟಿಎಫ್ (ಷೇರಿನಂತೆ ಕೊಂಡು ಮಾರುವ, ಬಡ್ಡಿಯಂತೆ ಆದಾಯ ತರುವ ಫಂಡ್), ಉಳಿದದ್ದು ದೊಡ್ಡ ಕಂಪನಿಗಳ ಷೇರು. ಫ್ಯೂಚರ್ಸ್, ಆಪ್ಷನ್ಸ್ ಎಂಬ ವಾಯಿದೆ ವ್ಯಾಪಾರ ಮುಟ್ಟುವುದಿಲ್ಲ. ಸೀಸನ್ನಿನಲ್ಲಿ ದುಡ್ಡು ಬೇಕಾದ ದಿನದಿಂದ ಹಿಂದಕ್ಕೆ ಎಣಿಸುತ್ತೇನೆ. ಮೂರೂ ಕಡೆ ತೆರೆದಿರುವ ಎರಡು ದಿನ ಸಿಗಬೇಕು, ಜೊತೆಗೆ ಕೈಯಲ್ಲಿ ಇನ್ನೊಂದು ದಿನ ಇಟ್ಟುಕೊಳ್ಳುತ್ತೇನೆ. ಹಾಗೆ ಎಣಿಸಿದಾಗ ಕೆಲವೊಮ್ಮೆ ಒಂದು ವಾರ ಮುಂಚೆಯೇ ಮಾರಬೇಕಾಗುತ್ತದೆ, ಆ ವಾರದ ಬಡ್ಡಿ ಹೋಗುತ್ತದೆ, ಹೋಗಲಿ. ಹತ್ತಿ ಕೊಂಡ ಮಿಲ್ಲಿನವರ ದುಡ್ಡು ಬಂದ ದಿನವೇ ಮತ್ತೆ ಇಟಿಎಫ್ ಕೊಳ್ಳುತ್ತೇನೆ. ಯಾವ ಷೇರು ಮೊದಲು ಮಾರುತ್ತೇನೆ, ಎಷ್ಟು ಗಂಟೆಗೆ ಆರ್ಡರ್ ಹಾಕುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದನ್ನು ಹುಡುಕಲು ನನಗೆ ತುಂಬ ದುಡ್ಡು ಖರ್ಚಾಗಿದೆ. ಬೆಳಗ್ಗೆ 9.15ರಿಂದ ಅರ್ಧ ಗಂಟೆ ಮಾರುವುದಿಲ್ಲ ಎಂಬಷ್ಟು ಹೇಳಬಲ್ಲೆ.

ಮೂರೂವರೆ ಹತ್ತಿರ ಮಾರುವುದೂ ಬೇಡ. ಒಮ್ಮೆ 3.20ಕ್ಕೆ ಬ್ರೋಕರ್ ಆ್ಯಪ್ ನಿಂತುಹೋಯ್ತು. ಮತ್ತೆ ಶುರುವಾಗುವಷ್ಟರಲ್ಲಿ ಪೇಟೆ ಮುಗಿದಿತ್ತು. 3.40ರಿಂದ 4ರವರೆಗೆ ಕ್ಲೋಸಿಂಗ್ ಬೆಲೆಗೆ ನಡೆಯುವ ಸೆಷನ್ನಿನಲ್ಲಿ ಹಾಕಿದೆ, ಕೊಳ್ಳುವವರು ಇಲ್ಲ. ಆಮೇಲೆ ಸುಮ್ನೆ ಪರೀಕ್ಷೆಗೆಂದು ಹಲವು ಸಲ ಅಲ್ಲಿ ಸಣ್ಣ ಆರ್ಡರ್ ಹಾಕಿ ನೋಡಿದೆ. ದೊಡ್ಡ ಷೇರಾದರೆ ಒಮ್ಮೊಮ್ಮೆ ಹೋಗುತ್ತದೆ, ನಂಬುವ ಹಾಗಿಲ್ಲ.

ಇನ್ನೊಂದು ಪ್ರಯೋಗ ಸರಕುಗಳ ವಾಯಿದೆ ಪೇಟೆಯಾದ ಎಂಸಿಎಕ್ಸ್ ಹತ್ತಿಯದು. ಕೆಲವು ರಜೆಗಳಂದು ಷೇರುಪೇಟೆ ಬಂದ್ ಇದ್ದರೂ ಎಂಸಿಎಕ್ಸ್ ಸಂಜೆ 5ಕ್ಕೆ ತೆರೆಯುತ್ತದೆ. ಆ ಸಂಜೆಯ ಹತ್ತಿ ಬೆಲೆ ನೋಡಿ ಮರುದಿನದ ಗಂಜಿನ ಟೆಂಡರ್ ಊಹಿಸಬಹುದೇ ಎಂದು ಒಂದು ಸೀಸನ್ ಪೂರ್ತಿ ಬರೆದಿಟ್ಟೆ. ವಹಿವಾಟು ಅಲ್ಲಿ ತೀರಾ ಕಡಿಮೆ. ನಮ್ಮ ಟೆಂಡರ್ ಬೆಲೆ ನಡೆಯುವುದು ಮಾಲಿನ ತೇವ, ಜಿನ್ನಿಂಗ್ ಮಿಲ್ಲಿನವರ ಅಗತ್ಯದ ಮೇಲೆ. ಬಿಟ್ಟುಬಿಟ್ಟೆ.

ಲೆಕ್ಕ ಹೇಳುವುದಾದರೆ, ಕಳೆದ ವರ್ಷ ತೆರಿಗೆ ಕಳೆದು ಎಪ್ಪತ್ತು ಎಂಬತ್ತು ಸಾವಿರ ಉಳಿದಿದೆ. ಒಂದು ವರ್ಷದೊಳಗೆ ಮಾರಿದ ಷೇರಿನ ಲಾಭಕ್ಕೆ 2024ರ ಜುಲೈ 23ರಿಂದ ತೆರಿಗೆ 15 ಅಲ್ಲ, 20 ಪರ್ಸೆಂಟ್. ಹಾಗಾಗಿ ಅವಸರದ ಮಾರಾಟಕ್ಕೆ ಮೊದಲು ಇಟಿಎಫ್ ತೆಗೆಯುತ್ತೇನೆ, ಷೇರು ಕೊನೆಗೆ. ಪ್ರತಿ ಮಾರಾಟಕ್ಕೂ ಡಿಪಿ ಶುಲ್ಕ (ಡಿಮ್ಯಾಟ್ ಖಾತೆಯಿಂದ ಷೇರು ತೆಗೆಯುವ ಶುಲ್ಕ) ಇದೆ, ಹದಿನೈದು ಇಪ್ಪತ್ತು ರೂಪಾಯಿ. ದಿನಾ ಚೂರುಚೂರು ಮಾರಿದರೆ ಅದೇ ಜಾಸ್ತಿ ಆಗುತ್ತದೆ.

ಡಿಸೆಂಬರ್‌ನಲ್ಲಿ ಹೊಸ ವರ್ಷದ ಪಟ್ಟಿ ಬಂದ ಕೂಡಲೇ ಮೂರೂ ರಜೆಗಳನ್ನು ಒಂದೇ ಹಾಳೆಯಲ್ಲಿ ಬರೆದು ಗಲ್ಲಾಪೆಟ್ಟಿಗೆ ಮೇಲೆ ಅಂಟಿಸುತ್ತೇನೆ. 2024ರ ಜನವರಿ 22ರ ಹಾಗೆ ಶುಕ್ರವಾರ ಹೇಳಿ ಸೋಮವಾರ ಬಂದ್ ಮಾಡುವ ದಿನಗಳೂ ಬರುತ್ತವೆ. ಸೀಸನ್ನಿನಲ್ಲಿ ಪ್ರತಿ ವಾರ ಷೇರುಪೇಟೆಯ ಸರ್ಕ್ಯುಲರ್ ನೋಡುವ ಕೆಲಸ ಈಗ ಮಗನದು. ಮುಂದಿನ ಸೀಸನ್‌ಗೆ ಎಂಟು ಲಕ್ಷವನ್ನು ಹತ್ತು ಮಾಡುವ ಯೋಚನೆ ಇದೆ.