1,080 ಗ್ರಾಂ ಕೂಸು, ಹಳೇ ಪಂಚೆಯ ಚೀಲ: ನನ್ನ ಅನುಭವ

"ಗಂಡಸರ ಎದಿಯಾಗ ಏನೈತ್ರೀ ಕೂಸಿಗೆ ಕೊಡಾಕ?" ಎಂದು ನಮ್ಮ ಅತ್ತೆ ಕೇಳಿದ್ದು ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಬಾಗಿಲ ಹೊರಗೆ, ತಿಂಗಳು ತುಂಬದೆ ಹುಟ್ಟಿದ ಮಗಳನ್ನು ನಾನೇ ಬರಿ ಎದೆಗೆ ಕಟ್ಟಿಕೊಳ್ಳುತ್ತೇನೆ ಎಂದಾಗ. ಈಗ ಮಗಳಿಗೆ ಒಂಬತ್ತು ತಿಂಗಳು. ಅಳು ನಿಲ್ಲದಿದ್ದರೆ ಅದೇ ಅತ್ತೆ ಅವಳನ್ನು ತಂದು ನನ್ನ ಎದೆಗೆ ಹಾಕಿ ಹೋಗುತ್ತಾರೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾನು ರಾಣೆಬೆನ್ನೂರಿನ ಟೈಲರ್. ಹೆಂಡತಿಗೆ ಬಿ.ಪಿ. ಏರಿ 29 ವಾರಕ್ಕೇ ಸಿಸೇರಿಯನ್ ಆಯಿತು. ಕೂಸು 1,080 ಗ್ರಾಂ. ಮೊದಲ ವಾರ ಇಳಿದು 990ಕ್ಕೆ ಬಂತು. ಉಸಿರಾಟಕ್ಕೆ ಒತ್ತಡದಲ್ಲಿ ಗಾಳಿ ಕೊಡುವ ಸಿಪ್ಯಾಪ್, ಕಾಮಾಲೆಗೆ ನೀಲಿ ಲೈಟ್, ಟ್ಯೂಬಿನಲ್ಲಿ ಎರಡು ತಾಸಿಗೊಮ್ಮೆ 2 ಎಂ.ಎಲ್. ಹಾಲು. ಎನ್‌ಐಸಿಯು ಹೊರಗಿನ ಬೆಂಚಿನ ಮೇಲೆ ಕೂತವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. ಹೆಂಡತಿಯೂ ಬೇರೆ ಐಸಿಯುನಲ್ಲಿ ಇದ್ದಳು. ಕೂಸಿನ ಹತ್ತಿರ ಹೋಗಲು ಇದ್ದವನು ನಾನೊಬ್ಬನೇ.

ಮೊದಲ ನಾಲ್ಕು ದಿನ ಮುಟ್ಟುವುದೇ ತಪ್ಪಾಯಿತು. ಬೆಕ್ಕಿನ ಮರಿ ಸವರಿದ ಹಾಗೆ ಬೆರಳಲ್ಲಿ ಸವರುತ್ತಿದ್ದೆ. ಕೂಸು ಕೈಕಾಲು ಚೆಲ್ಲಿ ಬೆಚ್ಚುತ್ತಿತ್ತು, ಮಾನಿಟರ್ ಕೂಗುತ್ತಿತ್ತು. ನಾನೇ ಇದಕ್ಕೆ ಬೇಡವಾಗಿದ್ದೇನೆ ಅಂದುಕೊಂಡು ಮೆಟ್ಟಿಲ ಮೇಲೆ ಕೂತು ಅತ್ತಿದ್ದೂ ಉಂಟು. ರಾತ್ರಿ ಪಾಳಿಯ ಸಿಸ್ಟರ್ ಒಬ್ಬರು "ಸವರಬ್ಯಾಡ್ರೀ, ಸುಮ್ನ ಹಿಡೀರಿ" ಎಂದರು. ಒಂದು ಅಂಗೈ ತಲೆಗೆ, ಇನ್ನೊಂದು ಮಡಚಿದ ಕಾಲಿಗೆ. ಅಷ್ಟೇ, ಅಲ್ಲಾಡಿಸುವಂತಿಲ್ಲ. ಎರಡು ಮೂರು ನಿಮಿಷದಲ್ಲಿ ಸ್ಯಾಚುರೇಶನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) 86ರಿಂದ 93ಕ್ಕೆ ಬಂತು. ಆ ದಿನ ಮೊದಲ ಸಲ ಊಟ ರುಚಿಸಿತು.

ಹನ್ನೊಂದನೇ ದಿನ ಇರಬೇಕು, ಡಾಕ್ಟರು ಕಾಂಗರೂ ಆರೈಕೆಗೆ, ಅಂದರೆ ಕೂಸಿನ ಬರಿ ಮೈ ನಮ್ಮ ಬರಿ ಎದೆಗೆ ತಾಗುವಂತೆ ಕಟ್ಟಿಕೊಂಡು ಕೂರುವುದಕ್ಕೆ, ಒಪ್ಪಿದರು. ಅಂದಿನ ಬೆಳಿಗ್ಗೆ ಯಾರೂ ಹೇಳದಿದ್ದರೂ ಎದೆ ಬೋಳಿಸಿಕೊಂಡು ಹೋದೆ. ದಂಡ. ಎರಡು ದಿನಕ್ಕೆ ಕಡಿತ ಶುರುವಾಗಿ ಕೂತಲ್ಲಿ ಕೂರಲಾಗಲಿಲ್ಲ. ಆಸ್ಪತ್ರೆಯ ಬೆಡ್‌ಶೀಟ್ ಸುತ್ತಿದರೆ ಕೂಸು ಕೆಳಗೆ ಜಾರಿ ಕುತ್ತಿಗೆ ಮಡಚಿತು, 20 ನಿಮಿಷಕ್ಕೇ ತೆಗೆದರು. ಮೆಡಿಕಲ್ ಶಾಪಿನಿಂದ 1,400 ರೂಪಾಯಿ ಕೊಟ್ಟು ತಂದ ಚೀಲ ನನ್ನ ಎದೆಗೆ ಹೊಂದಲಿಲ್ಲ. ಟೈಲರ್ ಆಗಿ ನಾನು ಇನ್ನೊಬ್ಬರ ಹೊಲಿಗೆ ಕೊಂಡಿದ್ದೇ ತಪ್ಪು, ಅಲ್ವಾ?

ನಾನೇ ಹೊಲಿದೆ. ಮೊದಲನೆಯದು ಟೆರಿಕಾಟ್, ಬೆವರು ಇಂಗಲಿಲ್ಲ. ಎರಡನೆಯದು ಬನಿಯನ್ ಬಟ್ಟೆ, ಅರ್ಧ ತಾಸಿಗೆ ಹಿಗ್ಗಿತು. ಮೂರನೆಯದು ಅಪ್ಪನ ಹಳೇ ಕಾಟನ್ ಪಂಚೆ. ನೂಲು, ಪಟ್ಟಿ ಸೇರಿ 60 ರೂಪಾಯಿ. ಅದು ಕೂತಿತು! ವೈರುಗಳಿಗೆ ಪಕ್ಕದಲ್ಲಿ ಎರಡು ಕಾಜ ಬಿಟ್ಟಿದ್ದೆ, ಸಿಸ್ಟರುಗಳು ಬಂದು ಫೋಟೊ ತೆಗೆದುಕೊಂಡರು. ಬೆನ್ನಿನ ಪಟ್ಟಿಯ ಕಟಿಂಗ್ ಮಾತ್ರ ಕೇಳಬೇಡಿ. ಈಗ ತಿಂಗಳಿಗೆ ನಾಲ್ಕೈದು ಚೀಲ ಹೊಲಿಯುತ್ತೇನೆ, ಅದು ನನ್ನ ಅನ್ನ. ಕೂಸನ್ನು ಕೂರಿಸುವುದರಲ್ಲಿ ಮುಚ್ಚುಮರೆ ಇಲ್ಲ: ಮುಖ ಒಂದು ಪಕ್ಕಕ್ಕೆ, ಮೂಗು ಬಾಯಿ ನಿಮಗೆ ಕಾಣುತ್ತಿರಬೇಕು, ಗದ್ದ ಎದೆಗೆ ಬೀಳಬಾರದು, ಕಾಲು ಕಪ್ಪೆಯ ಹಾಗೆ. ಕೂತರೆ ಒಂದು ತಾಸಿಗೆ ಕಡಿಮೆ ಏಳಬಾರದು. ಎತ್ತಿ ಇಳಿಸುವುದರಲ್ಲೇ ಕೂಸು ಸುಸ್ತಾಗುತ್ತದೆ.

ಸುಮ್ಮನೆ ಕೂತು ಏನು ಮಾತಾಡುವುದು? ನನಗೆ ಜೋಗುಳ ಬರುವುದಿಲ್ಲ. ಅಂಗಡಿಯ ಅಳತೆ ಪುಸ್ತಕ ಓದಿದೆ. "ಎದೆ ಮೂವತ್ತಾರು, ತೋಳು ಹತ್ತು, ಉದ್ದ ಹದಿನಾಲ್ಕು." ಪಿಸುದನಿಯಲ್ಲಿ ಎರಡು ಪುಟ ಮುಗಿಯುವಷ್ಟರಲ್ಲಿ ನಿದ್ದೆ. ಹುಮ್ಮಸ್ಸಿನಲ್ಲಿ ಹೊಲಿಗೆ ಮಷಿನ್ ಸದ್ದು ರೆಕಾರ್ಡ್ ಮಾಡಿ ಕೇಳಿಸಲು ಹೋಗಿ ಬೈಸಿಕೊಂಡೆ. ಕೂಸನ್ನು ಬೆಚ್ಚಗಿಡುವ ಆ ಇನ್‌ಕ್ಯುಬೇಟರ್ ಪೆಟ್ಟಿಗೆಯೊಳಗೆ ಸಣ್ಣ ಸದ್ದೂ ದೊಡ್ಡದೇ.

"ಪೆಟ್ಟಿಗಿಗೂ ದುಡ್ಡು ಕಟ್ಟಿ ಎದಿ ಮ್ಯಾಲೂ ಯಾಕ್ ಇಟ್ಕೋಬೇಕು?" ಎಂದು ಭಾಮೈದನ ತಕರಾರು. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಆ ಪೆಟ್ಟಿಗೆಗಳು ಸಾಲದೇ ಇದು ಶುರುವಾದದ್ದು, ನಮ್ಮ ಕಡೆಯ ಕೊಪ್ಪಳ ಜಿಲ್ಲೆಯಲ್ಲೂ ಮಾಡಿಸಿದ್ದಾರೆ ಎಂದೆ. ನಂಬಲಿಲ್ಲ. ಆದರೆ ಅವನ ಮಾತಿನ ದುಡ್ಡು ಸುಳ್ಳಲ್ಲ. ಖಾಸಗಿಯಲ್ಲಿ ದಿನಕ್ಕೆ 9 ಸಾವಿರದ ಹತ್ತಿರ, ಔಷಧಿ ಬೇರೆ. 18 ದಿನಕ್ಕೆ ಎರಡು ಲಕ್ಷ ದಾಟಿತು. ಬಳೆ ಅಡವಿಟ್ಟೆ, ಸಂಘದ ಸಾಲ ಮಾಡಿದೆ. ಮದುವೆ ಸೀಸನ್ನಿನ ನಲವತ್ತು ಬ್ಲೌಸ್ ವಾಪಸ್ ಕೊಟ್ಟೆ. ಆಮೇಲೆ ಸರ್ಕಾರಿ ಆಸ್ಪತ್ರೆಯ ಎಸ್‌ಎನ್‌ಸಿಯುಗೆ (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಬಂದೆವು, ಬಿಲ್ ಇಲ್ಲ. ಒರಗುವ ಕುರ್ಚಿ ಇರಲಿಲ್ಲ, 1,100ಕ್ಕೆ ಒಂದು ತಂದು ಅಲ್ಲೇ ಬಿಟ್ಟು ಬಂದೆ.

ಹೆಂಡತಿಯದು ಬೇರೆ ಕಥೆ. ಒಂಬತ್ತನೇ ದಿನ ಗಾಲಿಕುರ್ಚಿಯಲ್ಲಿ ಬಂದವಳು ಗಾಜಿನಾಚೆಯಿಂದಲೇ ನೋಡಿದಳು. "ರೀ, ಇದು ನಮ್ಮದೇನಾ?" ಎಂದಳು. ಚೀಲ ಕಟ್ಟಿದ ಮೊದಲ ದಿನ ಹತ್ತೇ ನಿಮಿಷಕ್ಕೆ ನಡುಗಿ ನನಗೆ ಕೊಟ್ಟುಬಿಟ್ಟಳು. ಒತ್ತಾಯ ಮಾಡಲಿಲ್ಲ. ಒಗೆದ ಕಾಟನ್ ತುಂಡೊಂದನ್ನು ರಾತ್ರಿ ಚೀಲದೊಳಗೆ ಕೂಸಿನ ಮೈಗೆ ತಾಗಿಸಿಟ್ಟು, ಬೆಳಿಗ್ಗೆ ಅವಳಿಗೆ ಕೊಡುತ್ತಿದ್ದೆ. ಮೂಗಿಗೆ ಹಿಡಿದುಕೊಂಡೇ ಹಾಲು ಹಿಂಡುತ್ತಿದ್ದಳು. 15 ಎಂ.ಎಲ್. ಬರುತ್ತಿದ್ದದ್ದು ವಾರದಲ್ಲಿ 40 ಆಯಿತು. ಬಟ್ಟೆಯಿಂದಲೋ, ಜ್ವರ ಬಿಟ್ಟಿದ್ದಕ್ಕೋ, ನಾನು ಬಟ್ಟೆಯ ಲೆಕ್ಕಕ್ಕೇ ಬರೆದುಕೊಂಡಿದ್ದೇನೆ. ಐದನೇ ದಿನ ಅವಳೇ ಚೀಲ ಕೇಳಿದಳು, ನಾಲ್ಕು ತಾಸು ಏಳಲಿಲ್ಲ. ಕೊನೆಗೆ ಇಬ್ಬರ ಪಾಳಿ ಸೇರಿ ದಿನಕ್ಕೆ 13–14 ತಾಸು ಆಗುತ್ತಿತ್ತು. ತೂಕ ದಿನಕ್ಕೆ 20 ಗ್ರಾಂ ಏರತೊಡಗಿತು.

ಡಿಸ್ಚಾರ್ಜ್ ದಿನ 1,760. ಮನೆಯಲ್ಲೂ ಎರಡೂವರೆ ಕೆಜಿ ಆಗುವವರೆಗೆ ಬಿಡಲಿಲ್ಲ. ಮಧ್ಯಾಹ್ನ ನಾನು ಅಂಗಡಿಗೆ ಹೋದರೆ ಅತ್ತೆಯೇ ಕಟ್ಟಿಕೊಳ್ಳುತ್ತಿದ್ದರು. ಅವರ ಚೀಲಕ್ಕೆ ಒಂದು ಗೇಣು ಬಟ್ಟೆ ಜಾಸ್ತಿ ಹಿಡಿಯಿತು.